ಕೆಂಪು ದೀಪದ ಕೋಣೆಯಲ್ಲಿ ಅಜ್ಜಿಯ ಚಿತ್ರ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗಿರುವ ಹಳೆಯ ಸ್ಟುಡಿಯೋ ಒಂದರಲ್ಲಿ ಇಂದಿಗೂ ಕಪ್ಪು-ಬಿಳುಪು ಚಿತ್ರಗಳನ್ನು ಕತ್ತಲ ಕೋಣೆಯಲ್ಲೇ ಮುದ್ರಿಸುತ್ತಾರೆಂದು ತಿಳಿದು, ನಮ್ಮ ಅಜ್ಜಿಯ ಮದುವೆಯ ನೆಗೆಟಿವ್ ಅನ್ನು ಅಲ್ಲಿಗೆ ಕೊಂಡೊಯ್ದೆ. ನನ್ನ ಕುತೂಹಲ ಕಂಡು ಮಾಲೀಕರು ಒಳಗೆ ಕರೆದರು.

ಅಲ್ಲಿ ಉರಿಯುತ್ತಿದ್ದುದು ಒಂದೇ ಕೆಂಪು ದೀಪ. ಮುದ್ರಣದ ಕಾಗದಕ್ಕೆ ಲೇಪಿಸಿರುವ ಬೆಳ್ಳಿಯ ಲವಣಗಳು ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತವೆಯೇ ಹೊರತು ಕೆಂಪಿಗೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲವಾದ್ದರಿಂದ, ಆ ಬೆಳಕಿನಲ್ಲಿ ಕೆಲಸ ಮಾಡಿದರೂ ಕಾಗದ ಕೆಡುವುದಿಲ್ಲ. ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣವಾದ ಡೆವಲಪರ್ ತುಂಬಿದ ಟ್ರೇಯಲ್ಲಿ ಖಾಲಿ ಹಾಳೆ ಅಲುಗುತ್ತಿದ್ದಂತೆ ಮೊದಲು ಅಜ್ಜಿಯ ಕಪ್ಪು ಕೂದಲು, ಆಮೇಲೆ ಸೀರೆಯ ನೆರಿಗೆಗಳು, ಕೊನೆಗೆ ಮುಖ ಮೂಡಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಏಕವರ್ಣ ಚಿತ್ರವೆಂದರೆ ಕಪ್ಪು-ಬಿಳುಪು ಮಾತ್ರವಲ್ಲ, ಒಂದೇ ಬಣ್ಣದ ಛಾಯೆಗಳಲ್ಲಿ ಮೂಡಿದ ಯಾವ ಚಿತ್ರವೂ ಆ ಗುಂಪಿಗೇ ಸೇರುತ್ತದೆ. ಭೌತವಿಜ್ಞಾನದಲ್ಲಿ ಏಕವರ್ಣ ಬೆಳಕಿನ ಅರ್ಥ ಇನ್ನೂ ಬಿಗಿಯಾದುದು: ಹೆಚ್ಚುಕಡಿಮೆ ಒಂದೇ ತರಂಗಾಂತರದ ಬೆಳಕು. ಕಾಲೇಜಿನ ಪ್ರಯೋಗಾಲಯದಲ್ಲಿ ಮಸೂರ ಮತ್ತು ಗಾಜಿನ ನಡುವೆ ಬೆಳಕು ಮೂಡಿಸುವ ನ್ಯೂಟನ್ ಉಂಗುರಗಳನ್ನು ಅಳೆಯಲು ಬಳಸುವ ಸೋಡಿಯಂ ದೀಪದ ಹಳದಿ ಬೆಳಕಿನ ತರಂಗಾಂತರ ಸುಮಾರು 589 ನ್ಯಾನೋಮೀಟರ್. ಕತ್ತಲ ಕೋಣೆಯ ಕೆಂಪು ದೀಪಕ್ಕೆ ಅಷ್ಟು ನಿಖರತೆ ಬೇಕಿಲ್ಲ.

ಮೊದಲ ಪ್ರತಿ ತೀರಾ ಕಪ್ಪಾಗಿ, ಸೆರಗಿನ ಜರಿಯ ಕುಸುರಿ ಮುಚ್ಚಿಹೋಗಿತ್ತು. ತೋರಿಸಿದ ಕೂಡಲೇ ಹೆಚ್ಚಿನ ಹಣ ಕೇಳದೆ ಮತ್ತೆ ಮುದ್ರಿಸಿದರು. ಇನ್ನೊಂದು ಪ್ರತಿಯನ್ನು ಸೆಪಿಯಾ ಮಾಡಿಸಿದೆ. ಇದರಲ್ಲಿ ಚಿತ್ರದ ಬೆಳ್ಳಿಯು ಸಿಲ್ವರ್ ಸಲ್ಫೈಡ್ ಆಗಿ ಮಾರ್ಪಡುವುದರಿಂದ ಕಂದುಬಣ್ಣದ ಜೊತೆಗೆ ಬಾಳಿಕೆಯೂ ಹೆಚ್ಚುತ್ತದೆ. ಹೇಳಿದ ದಿನಕ್ಕಿಂತ ಒಂದು ವಾರ ತಡವಾಯಿತು, ಆದುದರಿಂದ ಸಮಾರಂಭಕ್ಕೆ ಬೇಕಿದ್ದವರು ಮೊದಲೇ ಕೊಡುವುದು ಒಳ್ಳೆಯದು.