ಮಕ್ಕಳ ಮೈಕ್ರೋಸ್ಕೋಪ್ ಕಿಟ್: ಮೆಷಿನ್ ಪರ್ವಾಗಿಲ್ಲ, ಜೊತೆಗೆ ಬರೋ ಪುಸ್ತಕನ ನಂಬ್ಬೇಡಿ

ಮೊದ್ಲೇ ಹೇಳ್ಬಿಡ್ತೀನಿ, ಮೈಕ್ರೋಸ್ಕೋಪಿಗೆ ಐದಕ್ಕೆ ನಾಲ್ಕು ಸ್ಟಾರ್, ಪುಸ್ತಕಕ್ಕೆ ಒಂದು ಕೊಡೋದೂ ಜಾಸ್ತಿ. ಮಗಳಿಗೆ ಈ ವರ್ಷ ಜೀವಕೋಶದ ಪಾಠ, ಅದಕ್ಕೆ ಅಂತ ಆನ್‌ಲೈನಲ್ಲಿ ತರಿಸಿದ್ದು, ಮೂರು ಸಾವಿರಕ್ಕೆ ಸ್ವಲ್ಪ ಕಮ್ಮಿ ಬಿತ್ತು. ಬ್ರ್ಯಾಂಡ್ ಹೆಸರು ಹಾಕಲ್ಲ, ಯಾಕಂದ್ರೆ ಇದೇ ಡಬ್ಬ ನಾಲ್ಕೈದು ಹೆಸರಲ್ಲಿ ಮಾರ್ತಿದ್ದಾರೆ, ಒಳಗಿನ ಮಾಲು ಒಂದೇ ಥರ ಇದೆ. ಮೈಕ್ರೋಸ್ಕೋಪು, ಸ್ಲೈಡು, ಕವರ್ ಸ್ಲಿಪ್ಪು, ಚಿಕ್ಕ ಬಾಟಲಲ್ಲಿ ಅಯೋಡಿನ್, ಒಂದು ಗಾಜಿನ ಫನೆಲ್, ಟೆಸ್ಟ್ ಟ್ಯೂಬು, ಮೇಲೆ ಈ ಬಣ್ಣಬಣ್ಣದ ಪುಸ್ತಕ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1200 ಪಟ್ಟು ಅಂತ ಇದೆ, ಅದನ್ನ ಮರ್ತುಬಿಡಿ. ಕಣ್ಣಿಡೋ ಕಡೆ ಲೆನ್ಸು 10, ಕೆಳಗಿನ ದೊಡ್ಡದು 40, ಗುಣಿಸಿದ್ರೆ 400, ಅಷ್ಟೇ ನಿಜವಾದ ಲೆಕ್ಕ. ಮಧ್ಯ ಸಿಕ್ಕಿಸೋಕೆ ಇನ್ನೊಂದು ಪ್ಲಾಸ್ಟಿಕ್ ಲೆನ್ಸ್ ಕೊಟ್ಟು ಅದನ್ನ ಮೂರು ಪಟ್ಟು ಮಾಡ್ತಾರೆ, ಹಾಕಿದ್ರೆ ಚಿತ್ರ ದೊಡ್ಡದಾಗತ್ತೆ ಆದ್ರೆ ಹೊಸದೇನೂ ಕಾಣಲ್ಲ, ಮಬ್ಬು ಜಾಸ್ತಿ ಆಗತ್ತೆ. ನಾವು ಅದನ್ನ ಡಬ್ಬದಲ್ಲೇ ಬಿಟ್ಟಿದೀವಿ. ಆದ್ರೆ 400ರಲ್ಲಿ ಈ ರೇಟಿಗೆ ಚಿತ್ರ ನಿಜಕ್ಕೂ ಚೆನ್ನಾಗಿದೆ.

ಈಗ ಪುಸ್ತಕದ ವಿಷ್ಯ. ಮೊದಲ ಪಾಠ ಈರುಳ್ಳಿ ಸಿಪ್ಪೆ, ಎಲ್ರಿಗೂ ಗೊತ್ತಿರೋದು, ಒಳಗಿನ ತೆಳ್ಳಗಿನ ಪೊರೆ ಕಿತ್ತು ಒಂದು ತೊಟ್ಟು ಅಯೋಡಿನ್ ಹಾಕಿ ನೋಡೋದು. ಸಾಲುಸಾಲಾಗಿ ಚೌಕಗಳು ಕಾಣತ್ವೆ, ಒಳಗೆ ನ್ಯೂಕ್ಲಿಯಸ್ಸೂ ಕಾಣತ್ತೆ. ಪುಸ್ತಕದಲ್ಲಿ ಆ ಚೌಕದ ಗೆರೆಗೆ ಬಾಣ ಹಾಕಿ 'ಕೋಶಪೊರೆ' ಅಂತ ಬರ್ದಿದ್ದಾರೆ. ಸ್ವಾಮಿ, ಅದು ಕೋಶಭಿತ್ತಿ, ಅಂದ್ರೆ ಕೋಶದ ಗೋಡೆ! ಪೊರೆ ಅದರ ಒಳಮೈಗೆ ಅಂಟ್ಕೊಂಡಿರತ್ತೆ, ದಪ್ಪ ಬರೀ 7-8 ನ್ಯಾನೋಮೀಟರ್, ಬೆಳಕಿನ ಮೈಕ್ರೋಸ್ಕೋಪಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕದನ್ನ ಬಿಡಿಸಿ ನೋಡೋಕಾಗಲ್ಲ, ಲಕ್ಷ ರೂಪಾಯಿದು ತಂದ್ರೂ ಅಷ್ಟೇ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಹಾಗಂತ ಪೊರೆ ಇದೆ ಅಂತ ತೋರಿಸೋಕೇ ಆಗಲ್ವಾ ಅಂದ್ರೆ ಆಗತ್ತೆ, ಅದೂ ಇದೇ ಮೆಷಿನಲ್ಲಿ, ಪುಸ್ತಕದಲ್ಲಿ ಮಾತ್ರ ಇಲ್ಲ. ಪಿಯುಸಿ ಸೈನ್ಸ್ ಓದಿದವ್ರಿಗೆ ನೆನಪಿರಬಹುದು, ರಿಯೋ ಗಿಡದ ಎಲೆ, ಮೇಲೆ ಹಸಿರು ಅಡಿಗೆ ನೇರಳೆ, ಪಾರ್ಕುಗಳಲ್ಲಿ ಅಂಚಿಗೆ ಸಾಲಾಗಿ ಹಾಕಿರ್ತಾರಲ್ಲ ಅದೇ. ಅಡಿಭಾಗದ ನೇರಳೆ ಸಿಪ್ಪೆ ಸುಲಿದು ನೀರಲ್ಲಿಟ್ಟು ನೋಡಿ, ಪ್ರತಿ ಕೋಶದಲ್ಲೂ ಬಣ್ಣ ಮೂಲೆಮೂಲೆಗೂ ತುಂಬಿರತ್ತೆ. ಆಮೇಲೆ ಕವರ್ ಸ್ಲಿಪ್ಪಿನ ಒಂದು ಕಡೆ ಗಟ್ಟಿ ಉಪ್ಪುನೀರು ತೊಟ್ಟಿಕ್ಕಿಸಿ, ಇನ್ನೊಂದು ಕಡೆಯಿಂದ ಟಿಶ್ಯೂ ಪೇಪರಲ್ಲಿ ಎಳೀರಿ. ಕಣ್ಣೆದುರೇ ಮೂಲೆಯಿಂದ ಬಣ್ಣ ಬಿಟ್ಕೊಳ್ತಾ ಬರತ್ತೆ, ಹೊರಗಿನ ಚೌಕ ಇದ್ದ ಹಾಗೇ ಇರತ್ತೆ, ಒಳಗೆ ನೇರಳೆ ಉಂಡೆ ಒಂದು ಕುಗ್ಗಿ ನಡುವಿಗೆ ಸೇರತ್ತೆ. ಆ ಉಂಡೆ ಅಂಚೇ ಪೊರೆ ಇರೋ ಜಾಗ. ಮಗಳು "ಅಮ್ಮ, ಗೋಡೆ ಇಲ್ಲೇ ಇದೆ, ಇದ್ಯಾವ್ದು ಹಾಗಿದ್ರೆ?" ಅಂದ್ಳು ನೋಡಿ, ಕೊಟ್ಟ ದುಡ್ಡು ಅಲ್ಲೇ ವಸೂಲಾಯ್ತು. ತುಂಬ ಹೊತ್ತು ಬಿಡದೆ ಮತ್ತೆ ಬರೀ ನೀರು ಬಿಟ್ರೆ ವಾಪಸ್ ಉಬ್ಬತ್ತೆ.

ಇದು ಯಾಕಾಗತ್ತೆ ಅಂದ್ರೆ ಪೊರೆ ಅನ್ನೋದು ಕೊಬ್ಬಿನ ಜಾತಿಯ ಅಣುಗಳ ಎರಡು ಪದರ, ನೀರು ಇಷ್ಟಪಡೋ ತಲೆಗಳು ಆಚೆ ಈಚೆ, ನೀರು ಕಂಡ್ರಾಗದ ಬಾಲಗಳು ಒಳಗೆ, ಮಧ್ಯೆಮಧ್ಯೆ ಪ್ರೋಟೀನುಗಳು. ನೀರು ಹೋಗಿಬಂದು ಮಾಡತ್ತೆ, ಉಪ್ಪು ಸುಲಭಕ್ಕೆ ದಾಟಲ್ಲ, ಹಾಗಾಗಿ ಹೊರಗೆ ಉಪ್ಪು ಜಾಸ್ತಿಯಾದ್ರೆ ಒಳಗಿನ ನೀರು ಆಚೆ ಹೋಗಿ ಉಂಡೆ ಕುಗ್ಗತ್ತೆ. ಎರಡು ಪದರ ಅಂತ 1925ರಲ್ಲೇ ಗೋರ್ಟರ್, ಗ್ರೆಂಡೆಲ್ ಅಂತ ಇಬ್ರು ಡಚ್ಚರು ಹೇಳಿದ್ರು, ಕೆಂಪು ರಕ್ತಕಣದ ಕೊಬ್ಬನ್ನ ತೆಗೆದು ನೀರ ಮೇಲೆ ಹರಡಿದ್ರೆ ಕಣದ ಮೇಲ್ಮೈಗಿಂತ ಹೆಚ್ಚುಕಮ್ಮಿ ಎರಡರಷ್ಟು ಜಾಗ ಹಿಡೀತಂತೆ. ಪದರದಲ್ಲಿ ಪ್ರೋಟೀನು ತೇಲ್ತಾ ಇರತ್ವೆ ಅನ್ನೋ ಚಿತ್ರ ಸಿಂಗರ್, ನಿಕೋಲ್ಸನ್ ಅವ್ರದ್ದು, 1972. ಪುಸ್ತಕದಲ್ಲಿ ಇದ್ಯಾವ್ದೂ ಇಲ್ಲ, ಒಂದು ಕಾರ್ಟೂನ್ ಕೋಶ ನಗ್ತಾ ನಿಂತಿದೆ.

ದ್ಯುತಿಸಂಶ್ಲೇಷಣೆ ಪಾಠಕ್ಕೆ ಹೈಡ್ರಿಲ್ಲ ಬೇಕು, ಅಕ್ವೇರಿಯಂ ಅಂಗಡೀಲಿ ಸಿಗತ್ತೆ. ಇದರ ಎಲೆ ಎರಡೇ ಕೋಶದಷ್ಟು ದಪ್ಪ, ಕುಯ್ಯೋದೇ ಬೇಡ, ಹಾಗೇ ಸ್ಲೈಡ್ ಮೇಲಿಡಬಹುದು. ಹಸಿರು ಕಾಳುಗಳು ಕೋಶದ ಗೋಡೆ ಪಕ್ಕದಲ್ಲೇ ಒಂದರ ಹಿಂದೆ ಒಂದು ಸುತ್ತು ಹೊಡೀತಿರತ್ವೆ, ಅವೇ ಕ್ಲೋರೋಪ್ಲಾಸ್ಟ್, ದ್ಯುತಿಸಂಶ್ಲೇಷಣೆ ನಡೆಯೋ ಜಾಗ. ಇಷ್ಟು ಚೆನ್ನಾಗಿರೋದನ್ನ ನೋಡಿ ಅಂತಾನೂ ಪುಸ್ತಕದಲ್ಲಿ ಹೇಳಿಲ್ಲ, ನೇರ ಫನೆಲ್ ಪ್ರಯೋಗಕ್ಕೆ (ನೀರಲ್ಲಿ ಹೈಡ್ರಿಲ್ಲ ಮೇಲೆ ಫನೆಲ್ ಬೋರಲು ಹಾಕಿ, ಅದರ ತುದೀಲಿ ಟೆಸ್ಟ್ ಟ್ಯೂಬಿಟ್ಟು ಗುಳ್ಳೆ ಹಿಡಿಯೋದು) ಹೋಗಿದಾರೆ.

ಫನೆಲ್ ಪ್ರಯೋಗ ಓಕೆ, ನೀರಿಗೆ ಚಿಟಿಕೆ ಅಡುಗೆ ಸೋಡ ಹಾಕಿದ್ರೆ ಗುಳ್ಳೆ ಬೇಗ ಬರತ್ತೆ, ಕಾರ್ಬನ್ ಡೈಆಕ್ಸೈಡಿಗೆ ಕೊರತೆ ಇರಲ್ಲ ಅಂತ. ಆದ್ರೆ ಬಿಸಿಲಲ್ಲಿಟ್ರೆ ನೀರು ಬೆಚ್ಚಗಾಗಿ ಅದರಲ್ಲಿ ಕರಗಿರೋ ಗಾಳಿನೂ ಗುಳ್ಳೆಯಾಗಿ ಬರತ್ತೆ, ಹಾಗಾಗಿ ಗಿಡ ಇಲ್ಲದ ಇನ್ನೊಂದು ಲೋಟ ಪಕ್ಕದಲ್ಲಿಡಿ. ಕಿಟಕಿಗೆ ಪರದೆ ಎಳೆದ್ರೆ ಕಾಂಡದ ತುದಿಯಿಂದ ಬರೋ ಗುಳ್ಳೆ ಕಮ್ಮಿಯಾಗೋದು ಕಾಣತ್ತೆ.

ಸಿಟ್ಟು ಬಂದಿದ್ದು ಇದಕ್ಕೆ: 'ಎಲೆ ಕಾರ್ಬನ್ ಡೈಆಕ್ಸೈಡನ್ನು ಒಡೆದು ಆಕ್ಸಿಜನ್ ಬಿಡುತ್ತದೆ' ಅಂತ ಬರ್ದಿದ್ದಾರೆ. ಆಕ್ಸಿಜನ್ ಬರೋದು ನೀರಿಂದ, 1941ರಲ್ಲಿ ರೂಬೆನ್, ಕಾಮೆನ್ ಮತ್ತೆ ಅವ್ರ ಜೊತೆಯವ್ರು ಭಾರದ ಆಕ್ಸಿಜನ್ (ಮಾಮೂಲಿಗಿಂತ ತೂಕ ಜಾಸ್ತಿ ಇರೋದ್ರಿಂದ ಗುರುತು ಹಿಡಿಯೋಕಾಗತ್ತೆ) ಇರೋ ನೀರು ಕೊಟ್ಟು ತೋರಿಸಿಯಾಗಿದೆ. ಬೆಳಕು ಬಿದ್ದಾಗ ನೀರು ಒಡೆಯೋದು ಕ್ಲೋರೋಪ್ಲಾಸ್ಟಿನ ಒಳಗಿರೋ ಥೈಲಕಾಯ್ಡ್ ಪೊರೆಯಲ್ಲಿ. ಪೊರೆಯ ಒಂದು ಕಡೆ ಪ್ರೋಟಾನು ತುಂಬ್ಕೊಂಡು, ಕೆರೆ ತೂಬಿಂದ ನೀರು ನುಗ್ಗೋ ಹಾಗೆ ಒಂದು ಪ್ರೋಟೀನಿನ ಮೂಲಕ ಈಚೆ ಬರತ್ವೆ, ಆ ರಭಸದಲ್ಲೇ ಎಟಿಪಿ (ಕೋಶ ಶಕ್ತಿಗೆ ಬಳಸೋ ಅಣು) ತಯಾರಾಗತ್ತೆ, ಆಮೇಲೆ ಅದನ್ನ ಖರ್ಚು ಮಾಡಿ ಕಾರ್ಬನ್ ಡೈಆಕ್ಸೈಡಿಂದ ಸಕ್ಕರೆ ಕಟ್ಟೋದು. ಪೊರೆ ಸೋರಿದ್ರೆ ಎಟಿಪಿ ಕೆಲಸ ಅಲ್ಲಿಗೇ ನಿಲ್ಲತ್ತೆ. ಅಂದ್ರೆ ರಿಯೋ ಎಲೆ, ಹೈಡ್ರಿಲ್ಲ ಎರಡರಲ್ಲೂ ನಾವು ನೋಡ್ತಿರೋದು ಪೊರೆ ಕೆಲಸನೇ, ಇವ್ರು ಕೋಶಪೊರೆನ ಮೊದಲ ಪಾಠಕ್ಕೆ, ದ್ಯುತಿಸಂಶ್ಲೇಷಣೆನ ಕೊನೆ ಪಾಠಕ್ಕೆ ಹಾಕಿ ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಥರ ಬಿಟ್ಟಿದಾರೆ.

ಎಲ್ಲಕ್ಕಿಂತ ಮುಖ್ಯ, ದಯವಿಟ್ಟು ಓದಿ: ಎಲೆಯ ಪಿಷ್ಟ ಪರೀಕ್ಷೆ (ಸ್ಪಿರಿಟಲ್ಲಿ ಹಸಿರು ಬಣ್ಣ ತೆಗೆದು ಅಯೋಡಿನ್ ಹಾಕಿ ನೋಡೋದು) ಚಿತ್ರದಲ್ಲಿ ಸ್ಪಿರಿಟ್ ಇರೋ ಬೀಕರನ್ನ ನೇರ ಉರಿ ಮೇಲೆ ಇಟ್ಟಿದಾರೆ. ಹಾಗೆ ಮಾಡ್ಬೇಡಿ, ಹೊತ್ಕೊಳ್ಳತ್ತೆ. ನೀರು ಕುದಿಸಿ, ಒಲೆ ಆರಿಸಿ, ಆ ಬಿಸಿನೀರೊಳಗೆ ಸ್ಪಿರಿಟ್ ಲೋಟ ಇಡಿ, ಸ್ಪಿರಿಟ್ 78 ಡಿಗ್ರಿಗೇ ಕುದಿಯೋದು, ಅಷ್ಟು ಬಿಸಿ ಸಾಕು. ಮಕ್ಕಳನ್ನ ಒಂಟಿ ಬಿಡ್ಬೇಡಿ. ಬಿಳಿ-ಹಸಿರು ಮನಿ ಪ್ಲಾಂಟ್ ಎಲೆ ತಗೊಂಡ್ರೆ ಹಸಿರಿದ್ದ ಕಡೆ ಮಾತ್ರ ಅಯೋಡಿನ್ ಕಪ್ಪುನೀಲಿ ಆಗತ್ತೆ.

ಉಳಿದಿದ್ದು ಸಣ್ಣಪುಟ್ಟದ್ದು. ಕವರ್ ಸ್ಲಿಪ್ ಒಡೆದು ಬಂದಿದ್ವು, ಫೋಟೋ ಕಳಿಸಿದ್ಮೇಲೆ ಬೇರೆ ಕಳಿಸಿದ್ರು. 40ರ ಲೆನ್ಸಿಗೆ ಉಪ್ಪುನೀರು ತಾಗಿದ್ರೆ ಆಗ್ಲೇ ಒರೆಸಿ. ಬಜೆಟ್ ಇಲ್ಲದವ್ರು ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಅವ್ರ ತಂಡ ಮಾಡಿರೋ ಕಾಗದದ ಫೋಲ್ಡ್‌ಸ್ಕೋಪ್ ನೋಡಿ, 140 ಪಟ್ಟು ಸಿಗತ್ತೆ, ಈರುಳ್ಳಿಗೂ ರಿಯೋ ಎಲೆಗೂ ಅದೇ ಸಾಕು. ಹೈಡ್ರಿಲ್ಲದೊಳಗಿನ ಓಡಾಟ ಆರಾಮಾಗಿ ಕೂತು ನೋಡ್ಬೇಕು ಅಂದ್ರೆ ಈ ಕಿಟ್ಟೇ ತಗೊಳ್ಳಿ, ಪುಸ್ತಕ ಮಾತ್ರ ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ.