ಸ್ಯಾನ್ ಹೋಸೆ ಲೈಟ್ ರೈಲ್: ಎರಡೂವರೆ ಡಾಲರಿಗೆ ಎಷ್ಟು ದೂರ, ಎಷ್ಟು ಹೊತ್ತು?

ಸಿಲಿಕಾನ್ ವ್ಯಾಲಿಗೆ ಹೊಸದಾಗಿ ಬರುವ ನಮ್ಮವರು ಬಾಡಿಗೆ ಮನೆ ಹುಡುಕುವಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಅಪಾರ್ಟ್‌ಮೆಂಟ್ ಪಕ್ಕದಲ್ಲೇ ಟ್ರೈನ್ ಸ್ಟೇಷನ್ ಅಂತೆ, ಸ್ವಲ್ಪ ದಿನ ಕಾರಿಲ್ಲದೆ ನಡೆಯುತ್ತಾ?" ನಡೆಯುತ್ತೆ. ಆದರೆ ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗೆ ಅಂತ ಮೊದಲು ಹೇಳಿ. ಈ ರೈಲಿನ ವಿಷಯದಲ್ಲಿ ಎಲ್ಲ ನಿಂತಿರುವುದು ಅದರ ಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದನ್ನು ನಡೆಸುವುದು ಸಾಂತಾ ಕ್ಲಾರಾ ಕೌಂಟಿಯ ಸಾರಿಗೆ ಸಂಸ್ಥೆ ವಿಟಿಎ. ಶುರುವಾಗಿದ್ದು 1987ರ ಡಿಸೆಂಬರ್‌ನಲ್ಲಿ. ಈಗ ಬ್ಲೂ, ಗ್ರೀನ್, ಆರೆಂಜ್ ಅಂತ ಮೂರು ಲೈನ್‌ಗಳಿವೆ. ಒಟ್ಟು ಸುಮಾರು 42 ಮೈಲಿ, ನಮ್ಮ ಲೆಕ್ಕದಲ್ಲಿ 68 ಕಿಲೋಮೀಟರ್. ಮೆಟ್ರೋ ಅಂದುಕೊಂಡು ಹತ್ತಬೇಡಿ. ಬಹುಪಾಲು ಜಾಗದಲ್ಲಿ ಇದು ರಸ್ತೆಯ ನಡುವೆಯೇ ಓಡುತ್ತದೆ. ತಲೆ ಮೇಲೆ ವಿದ್ಯುತ್ ತಂತಿ, ಅಕ್ಕಪಕ್ಕ ಕಾರುಗಳು, ಮುಂದೆ ಸಿಗ್ನಲ್.

ನಾನು ಲಿಕ್ ಮಿಲ್ ಸ್ಟೇಷನ್ನಿನ ಹತ್ತಿರ ಇದ್ದುಕೊಂಡು ಹಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಮೊದಲು ಆಫೀಸ್ ಸ್ಯಾನ್ ಹೋಸೆ ಡೌನ್‌ಟೌನಿನಲ್ಲಿತ್ತು, ಗ್ರೀನ್ ಲೈನ್ ಹಿಡಿಯುತ್ತಿದ್ದೆ. ಕೆಲಸ ಬದಲಾದ ಮೇಲೆ ಮೌಂಟನ್ ವ್ಯೂ, ಅಲ್ಲಿಗೆ ಆರೆಂಜ್ ಲೈನ್. ಟಿಕೆಟ್ ಒಂದೇ, ಬೋಗಿಗಳೂ ಒಂದೇ ಥರದವು. ಆದರೂ ಎರಡರ ಅನುಭವ ಬೇರೆ ಬೇರೆ.

ಮೊದಲು ಎಲ್ಲರೂ ಬೈಯುವ ಡೌನ್‌ಟೌನ್ ವಿಷಯಕ್ಕೆ ಬರುತ್ತೇನೆ. ಅಲ್ಲಿ ಫಸ್ಟ್ ಸ್ಟ್ರೀಟ್ ಮತ್ತು ಸೆಕೆಂಡ್ ಸ್ಟ್ರೀಟ್‌ಗಳಲ್ಲಿ ಹಳಿಗಳು ಫುಟ್‌ಪಾತಿಗೆ ಅಂಟಿಕೊಂಡೇ ಇವೆ. ಕಾಫಿ ಹಿಡಿದು ನಡೆಯುವವರಿಗೂ ರೈಲಿಗೂ ನಡುವೆ ಗೋಡೆ, ಬೇಲಿ ಏನೂ ಇಲ್ಲದಂತೆ ಕಟ್ಟಿದ ಜಾಗ ಅದು. ಹಾಗಾಗಿ ವೇಗದ ಮಿತಿ ಗಂಟೆಗೆ ಸುಮಾರು 10 ಮೈಲಿ, ಅಂದರೆ 16 ಕಿಲೋಮೀಟರ್. ಜಾತ್ರೆಯಲ್ಲಿ ತೇರು ಎಳೆದ ಹಾಗೆ, ಗಂಟೆ ಬಾರಿಸಿಕೊಂಡು, ಜನರನ್ನು ನೋಡಿಕೊಂಡು ಹೋಗುತ್ತದೆ. ಸೈಕಲ್ಲಿನವರು ಆರಾಮಾಗಿ ಹಿಂದೆ ಹಾಕುತ್ತಾರೆ. ಸೇಂಟ್ ಜೇಮ್ಸ್, ಸಾಂತಾ ಕ್ಲಾರಾ, ಸ್ಯಾನ್ ಆಂಟೋನಿಯೋ, ಕನ್ವೆನ್ಷನ್ ಸೆಂಟರ್ ಅಂತ ಸ್ಟೇಷನ್‌ಗಳೂ ಒಂದರ ಬೆನ್ನಿಗೆ ಒಂದು. ಡೌನ್‌ಟೌನಿನಲ್ಲೇ ಇಳಿಯುವವರಿಗೆ ಇದು ಚೆನ್ನಾಗಿದೆ, ಆಫೀಸಿನ ಬಾಗಿಲಲ್ಲೇ ಇಳಿಸುತ್ತದೆ. ಉತ್ತರದಿಂದ ದಕ್ಷಿಣಕ್ಕೆ ದಾಟಿ ಹೋಗುವವರಿಗೆ ಮಾತ್ರ ತಾಳ್ಮೆಯ ಪರೀಕ್ಷೆ. ಊರಿನ ಎರಡು ತುದಿಗಳನ್ನು ಸೇರಿಸುವ ರೈಲು ಊರಿನ ನಡುವೆಯೇ ಎಲ್ಲಕ್ಕಿಂತ ನಿಧಾನ. ಜನರ ಮನಸ್ಸಿನಲ್ಲಿ ಈ ರೈಲಿಗೆ ಕೆಟ್ಟ ಹೆಸರು ಬಂದಿರುವುದು ಹೆಚ್ಚಾಗಿ ಈ ಒಂದೆರಡು ಮೈಲಿಯಿಂದಲೇ ಅನ್ನುವುದು ನನ್ನ ಅಭಿಪ್ರಾಯ.

ಡೌನ್‌ಟೌನ್ ದಾಟಿ ಉತ್ತರಕ್ಕೆ ಬಂದರೆ ನಾರ್ತ್ ಫಸ್ಟ್ ಸ್ಟ್ರೀಟ್. ಇಲ್ಲಿ ರೈಲಿಗೆ ರಸ್ತೆಯ ಮಧ್ಯೆ ತನ್ನದೇ ಜಾಗ ಇದೆ, ವೇಗ 35 ಮೈಲಿಯವರೆಗೆ ಏರುತ್ತದೆ. ಆದರೆ ಅಡ್ಡ ರಸ್ತೆಗಳು ಬಂದಾಗೆಲ್ಲ ಸಿಗ್ನಲ್. ಎಡಕ್ಕೆ ತಿರುಗುವ ಕಾರುಗಳಿಗೆ ದಾರಿ ಕೊಟ್ಟು ರೈಲು ಕಾಯುವುದೂ ಉಂಟು. ಅಪ್ಪ ಮೈಸೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ನೂರು ಜನ ಕೂತ ಗಾಡಿ, ಪಕ್ಕದ ಲೇನಿನಲ್ಲಿ ಒಬ್ಬೊಬ್ಬರೇ ಕೂತ ನಾಲ್ಕು ಕಾರು. ನಿಂತಿದ್ದು ನಾವು. "ಏನಮ್ಮಾ ಇದು, ರೈಲೇ ಸಿಗ್ನಲ್ಲಿಗೆ ನಿಲ್ಲುತ್ತಲ್ಲ! ನಮ್ಮಲ್ಲಿ ಗೇಟ್ ಹಾಕಿ ಕಾರುಗಳನ್ನ ನಿಲ್ಲಿಸ್ತಾರೆ" ಅಂದರು. ಇಲ್ಲಿನ ಸಾರಿಗೆ ತಜ್ಞರು ಪುಟಗಟ್ಟಲೆ ಬರೆಯುವುದೂ ಇದನ್ನೇ ಅಲ್ವಾ?

ಈ ಗಾಡಿಗಳಿಗೆ ಓಡಲು ಬರುವುದಿಲ್ಲ ಅಂತ ತಿಳಿಯಬೇಡಿ. ಒಂದು ಭಾನುವಾರ ಸುಮ್ನೆ ಬ್ಲೂ ಲೈನಿನಲ್ಲಿ ದಕ್ಷಿಣಕ್ಕೆ ಹೋಗಿ ನೋಡಿ. ಟ್ಯಾಮಿಯನ್ ಕಡೆಯಿಂದ ಹಳಿಗಳು ಹೈವೇ 87ರ ನಡುವೆ, ಆಮೇಲೆ ಹೈವೇ 85ರ ನಡುವೆ ಸಾಗುತ್ತವೆ. ಅಡ್ಡ ರಸ್ತೆ ಇಲ್ಲ, ಸಿಗ್ನಲ್ ಇಲ್ಲ. 55 ಮೈಲಿ ಅಂದರೆ 88 ಕಿಲೋಮೀಟರ್ ವೇಗದಲ್ಲಿ ಅದೇ ಗಾಡಿ ಜುಮ್ಮನೆ ಹೋಗುತ್ತದೆ. ಆ ಸ್ಟೇಷನ್‌ಗಳಿಗೆ ಅವುಗಳದೇ ಸಂಕಟ ಇದೆ. ಹೈವೇ ಮಧ್ಯದ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಕಿವಿಗೆ ಬರೀ ಟೈರಿನ ಸದ್ದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿ ಮುಂಗಟ್ಟು ಕಡಿಮೆ. ವೇಗ ಇದ್ದ ಕಡೆ ಜನ ಇಲ್ಲ, ಜನ ಇದ್ದ ಕಡೆ ವೇಗ ಇಲ್ಲ.

ನನ್ನ ಈಗಿನ ದಾರಿ ಆರೆಂಜ್ ಲೈನ್. ಲಿಕ್ ಮಿಲ್‌ನಿಂದ ಮೌಂಟನ್ ವ್ಯೂಗೆ ಹೆಚ್ಚುಕಮ್ಮಿ ಅರ್ಧ ಗಂಟೆ. ಹೈವೇ 237 ಖಾಲಿ ಇದ್ದರೆ ಕಾರಿನಲ್ಲಿ ಅದರ ಅರ್ಧ ಹೊತ್ತು ಸಾಕು. ಸಂಜೆ ಐದರ ನಂತರ 237 ಖಾಲಿ ಇರುವುದಿಲ್ಲ, ಅದು ಬೇರೆ ಮಾತು. ಅಂಥ ಹೊತ್ತಿನಲ್ಲಿ ರೈಲೂ ಕಾರೂ ಸಮಸಮ. ನನಗೆ ಇಷ್ಟವಾಗಿದ್ದು ವೇಗಕ್ಕಿಂತ ಜಾಸ್ತಿ ಅದರ ಭರವಸೆ. ಇಷ್ಟು ಹೊತ್ತಿಗೆ ಹತ್ತಿದರೆ ಇಷ್ಟು ಹೊತ್ತಿಗೆ ಇಳಿಯುತ್ತೇನೆ ಅಂತ ಮನೆಯವರಿಗೆ ಹೇಳಬಹುದು. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಹತ್ತಿರ ಹಳಿ ಸುತ್ತು ಹಾಕಿಕೊಂಡು ಹೋಗುವುದು ಮಾತ್ರ ಇವತ್ತಿಗೂ ಕಿರಿಕಿರಿ. ಕ್ಷಿಪಣಿ, ಉಪಗ್ರಹದ ಕೆಲಸಕ್ಕೆ ಸಾವಿರಾರು ಜನ ಬರುತ್ತಿದ್ದ ಕಾಲದ ಲೆಕ್ಕಾಚಾರ ಅದು ಅಂತ ಕಾಣುತ್ತದೆ.

ಮೌಂಟನ್ ವ್ಯೂನಿಂದ ಸ್ಯಾನ್ ಹೋಸೆಯ ಡಿರಿಡಾನ್ ಸ್ಟೇಷನ್ನಿಗೆ ಹೋಗಲು ಲೈಟ್ ರೈಲ್ ಹತ್ತಬೇಡಿ. ಅದೇ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಹೋಸೆಗೆ ಓಡುವ ಕ್ಯಾಲ್‌ಟ್ರೇನ್ ಇದೆ. 2024ರ ಸೆಪ್ಟೆಂಬರ್‌ನಿಂದ ಈ ದಾರಿಯಲ್ಲಿ ಅದು ಪೂರ್ತಿ ವಿದ್ಯುತ್ ರೈಲು, ಇಪ್ಪತ್ತು ನಿಮಿಷದ ಒಳಗೆ ಮುಟ್ಟಿಸುತ್ತದೆ. ಲೈಟ್ ರೈಲಿನಲ್ಲಿ ಆರೆಂಜ್ ಬಿಟ್ಟು ಗ್ರೀನ್ ಹಿಡಿದು ಅದೇ ಜಾಗಕ್ಕೆ ಹೋಗಲು ಒಂದು ಗಂಟೆಗೂ ಜಾಸ್ತಿ ಬೇಕು. ಇನ್ನೊಂದು ವಿಷಯ, ಹಗಲಲ್ಲಿ ಗಾಡಿಗಳು ಹದಿನೈದು ಇಪ್ಪತ್ತು ನಿಮಿಷಕ್ಕೊಂದು, ರಾತ್ರಿ ಅರ್ಧ ಗಂಟೆಗೊಂದು. ಲೈನ್ ಬದಲಿಸುವ ಕಡೆ ಒಂದು ತಪ್ಪಿತೋ, ಓಡಿ ಉಳಿಸಿದ ಸಮಯವೆಲ್ಲ ನಿಂತು ಹೋಯಿತು.

ಇನ್ನು ದುಡ್ಡು. ನಾನು ಇದನ್ನು ಬರೆಯುವ ಹೊತ್ತಿಗೆ ದೊಡ್ಡವರ ಟಿಕೆಟ್ ಎರಡೂವರೆ ಡಾಲರ್. ಇಲ್ಲಿನ ಬಸ್ಸು, ರೈಲಿಗೆಲ್ಲ ನಡೆಯುವ ಕ್ಲಿಪ್ಪರ್ ಕಾರ್ಡ್ ತೋರಿಸಿದರೆ ಎರಡು ಗಂಟೆಯೊಳಗೆ ಇನ್ನೊಂದು ಗಾಡಿಗೋ ವಿಟಿಎ ಬಸ್ಸಿಗೋ ಹತ್ತಲು ಮತ್ತೆ ಕೊಡಬೇಕಿಲ್ಲ. ದಿನಕ್ಕೆ ಏಳೂವರೆ ಡಾಲರ್ ದಾಟಿ ಕಾರ್ಡಿನಿಂದ ಕತ್ತರಿಸುವುದಿಲ್ಲ. 65 ದಾಟಿದವರಿಗೆ ಒಂದೇ ಡಾಲರ್. ಪೆಟ್ರೋಲು, ಇನ್ಶೂರೆನ್ಸು, ಡೌನ್‌ಟೌನ್ ಪಾರ್ಕಿಂಗ್ ಎಲ್ಲ ಸೇರಿಸಿ ನೋಡಿದರೆ ಇದು ಅಗ್ಗ.

ಬೆಲೆಯ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಊರಿಂದ ಬರುವ ಅಪ್ಪ ಅಮ್ಮಂದಿರ ಪಾಡು ಇಲ್ಲಿರುವ ಎಲ್ಲರಿಗೂ ಗೊತ್ತು. ಕಾರು ಓಡಿಸುವಂತಿಲ್ಲ, ಹಗಲೆಲ್ಲ ಮನೆಯಲ್ಲಿ ಕೂತು ಕಿಟಕಿ ನೋಡಬೇಕು. ಅಪ್ಪ ಒಂದು ವಾರ ನನ್ನ ಜೊತೆ ಬಂದು ದಾರಿ ಕಲಿತರು. ಆಮೇಲೆ ಅವರೇ ಫೇರ್ ಓಕ್ಸ್‌ನಲ್ಲಿ ಇಳಿದು ಸನ್ನಿವೇಲ್ ದೇವಸ್ಥಾನಕ್ಕೆ ನಡೆದು ಹೋಗಿ ಬರುತ್ತಿದ್ದರು. ಗಾಡಿಯ ನೆಲ ಪ್ಲಾಟ್‌ಫಾರ್ಮಿಗೆ ಸಮವಾಗಿದೆ, ಮಂಡಿ ನೋವಿನವರು ಮೆಟ್ಟಿಲು ಹತ್ತಬೇಕಿಲ್ಲ. ಮಗುವಿನ ಗಾಡಿ ತಳ್ಳಿಕೊಂಡು ಬರುವವರಿಗೂ, ವೀಲ್‌ಚೇರ್‌ನವರಿಗೂ ಅಷ್ಟೇ ಸಲೀಸು. ಎಚ್ಚರ ಬೇಕಾದ್ದು ಒಂದೇ ಕಡೆ. ಸ್ಟೇಷನ್ನಿನಲ್ಲಿ ಗೇಟ್ ಇಲ್ಲ. ನಮ್ಮ ಮೆಟ್ರೋದಲ್ಲಿ ತಡೆಯುವ ಹಾಗೆ ಇಲ್ಲಿ ಯಾರೂ ತಡೆಯುವುದಿಲ್ಲ ಅಂತ ಸುಮ್ನೆ ಹತ್ತಿಬಿಡುತ್ತಾರೆ. ಹತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಬೇಕು. ಒಳಗೆ ತಪಾಸಣೆಯವರು ಬಂದರೆ ದಂಡ ಬೀಳುತ್ತದೆ. ಊರಿನವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಪ್ರಯಾಣಿಕರಿಗೆ ಅಗ್ಗ ಅಂದರೆ ಊರಿಗೂ ಅಗ್ಗ ಅಂತಲ್ಲ. ಟಿಕೆಟ್ಟಿನಿಂದ ಬರುವುದು ಖರ್ಚಿನ ಸಣ್ಣ ಪಾಲು, ಉಳಿದಿದ್ದರಲ್ಲಿ ಬಹುಪಾಲು ಮಾರಾಟ ತೆರಿಗೆಯಿಂದ. ನಾವು ಅಂಗಡಿಯಲ್ಲಿ ಏನು ಕೊಂಡರೂ ಅದರಲ್ಲಿ ಈ ರೈಲಿನ ಪಾಲು ಸೇರಿದೆ. 2019ರಲ್ಲಿ ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿ, ಅಂದರೆ ಸ್ಥಳೀಯ ಆಡಳಿತವನ್ನು ಪರಿಶೀಲಿಸುವ ನಾಗರಿಕರ ಸಮಿತಿ, ವಿಟಿಎ ಆಡಳಿತದ ಬಗ್ಗೆ ಕಟುವಾದ ವರದಿ ಕೊಟ್ಟಿತ್ತು. ಲೈಟ್ ರೈಲಿನ ಖರ್ಚು ಜಾಸ್ತಿ, ಹತ್ತುವವರು ಕಡಿಮೆ ಅನ್ನುವುದು ಅದರ ದೂರುಗಳಲ್ಲಿ ಒಂದು. ಹಾಗಂತ ಇಲ್ಲಿನ ಜನ ಕೈ ಬಿಟ್ಟಿದ್ದಾರಾ ಅಂದರೆ ಅದೂ ಇಲ್ಲ. 2016ರಲ್ಲಿ ಸಾರಿಗೆಗೆ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಕೇಳುವ ಮೆಷರ್ ಬಿ ಅನ್ನುವ ಪ್ರಸ್ತಾವ ಮತಕ್ಕೆ ಬಂತು. ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕಿತ್ತು, ಗೆದ್ದಿತು. ಅದರ ಹಣದಲ್ಲಿ ರಸ್ತೆ, ಬಾರ್ಟ್ ಅನ್ನುವ ಬೇ ಏರಿಯಾದ ಮೆಟ್ರೋ, ಕ್ಯಾಲ್‌ಟ್ರೇನ್ ಎಲ್ಲದಕ್ಕೂ ಪಾಲಿದೆ ನಿಜ. ಆದರೂ ನನ್ನ ಜೊತೆ ಊಟಕ್ಕೆ ಕೂರುವ, ಒಮ್ಮೆಯೂ ರೈಲು ಹತ್ತದ ಸಹೋದ್ಯೋಗಿಗಳನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಇರಬೇಕು, ಬೇರೆಯವರಾದರೂ ಹತ್ತಿದರೆ ನಮಗೆ ರಸ್ತೆ ಖಾಲಿ ಸಿಗುತ್ತೆ. ಬೈಯುವವರೂ ಅವರೇ, ಮತ ಹಾಕುವವರೂ ಅವರೇ.

ಬೆಂಗಳೂರಿನಲ್ಲಿ ಮಾತು ತಿರುವುಮುರುವು. ನಮ್ಮ ಮೆಟ್ರೋ ಕಂಬದ ಮೇಲೆ ಇಲ್ಲವೇ ನೆಲದಡಿ ಓಡುತ್ತದೆ, ರಸ್ತೆಯ ಸಿಗ್ನಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ವೈಟ್‌ಫೀಲ್ಡ್ ಕಡೆಯ ನಮ್ಮ ನೆಂಟರು ಅದರ ವೇಗವನ್ನು ಹೊಗಳುತ್ತಾರೆ. ಬೈಯುವುದು ದರವನ್ನು, ಅದರಲ್ಲೂ 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿದ ಮೇಲೆ. ಇಲ್ಲಿ ಹತ್ತುವವರು ಯಾರೂ ಎರಡೂವರೆ ಡಾಲರಿಗೆ ಗೊಣಗಿದ್ದು ನಾನು ಕೇಳಿಲ್ಲ, ಗೊಣಗುವುದು ಗಡಿಯಾರ ನೋಡಿಕೊಂಡು. ಬೆಂಗಳೂರಿಗೂ ರಸ್ತೆ ಮಟ್ಟದಲ್ಲಿ ಟ್ರಾಮ್ ತರೋಣ, ಖರ್ಚು ಕಡಿಮೆ ಅಂತ ಆಗಾಗ ಹೇಳುವವರು ಒಮ್ಮೆ ಬಂದು ಫಸ್ಟ್ ಸ್ಟ್ರೀಟಿನಲ್ಲಿ ಕೂತು ಹೋಗಲಿ. ಹಳಿ ಹಾಕುವಾಗ ಉಳಿಸಿದ ದುಡ್ಡನ್ನು ಪ್ರಯಾಣಿಕರು ದಿನಾ ನಿಮಿಷಗಳ ಲೆಕ್ಕದಲ್ಲಿ ಕಟ್ಟುತ್ತಾರೆ.

ನನ್ನ ದೊಡ್ಡ ತಕರಾರು ವೇಗದ ಬಗ್ಗೆ ಕೂಡ ಅಲ್ಲ, ಹಳಿ ಹೋಗದ ಜಾಗಗಳ ಬಗ್ಗೆ. ಕನ್ನಡದವರು ತುಂಬ ಇರುವ ಕುಪರ್ಟಿನೋಗೆ ಲೈಟ್ ರೈಲ್ ಇಲ್ಲ. ಇಂಡಿಯನ್ ಅಂಗಡಿಗಳು, ದೋಸೆ ಹೋಟೆಲುಗಳು ಸಾಲಾಗಿರುವ ಎಲ್ ಕಮೀನೋ ರಸ್ತೆಗೂ ಇಲ್ಲ. ಅಲ್ಲಿಗೆ 22 ಅಥವಾ ರ‍್ಯಾಪಿಡ್ 522 ಬಸ್ಸೇ ಗತಿ. ವಿಮಾನ ನಿಲ್ದಾಣದ ಹೆಸರು ಹೊತ್ತ ಸ್ಟೇಷನ್ ಒಂದಿದೆ, ಆದರೆ ಇಳಿದು 60ನೇ ನಂಬರ್ ಬಸ್ ಹಿಡಿಯಬೇಕು. ಹಳಿ ಇರುವ ಟ್ಯಾಸ್ಮನ್ ಡ್ರೈವ್ ಉದ್ದಕ್ಕೂ ಆಫೀಸುಗಳಿವೆ, ಆದರೆ ರಸ್ತೆಗೂ ಕಟ್ಟಡದ ಬಾಗಿಲಿಗೂ ನಡುವೆ ಮೈದಾನದಷ್ಟು ಪಾರ್ಕಿಂಗ್. ರೈಲಿಳಿದು ಅದನ್ನು ಬಿಸಿಲಲ್ಲಿ ದಾಟಿದ ಮೇಲೆ ನಾಳೆ ಕಾರೇ ತರೋಣ ಅನಿಸಿದರೆ ತಪ್ಪೇನಿದೆ?

ನಿಂತೇ ಹೋದ ದಿನಗಳೂ ಇವೆ. 2021ರ ಮೇ 26ರಂದು ರೈಲುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಗ್ವಾಡಲೂಪೆ ಯಾರ್ಡಿನಲ್ಲಿ ಸಹೋದ್ಯೋಗಿಯೊಬ್ಬನ ಗುಂಡಿಗೆ ಒಂಬತ್ತು ನೌಕರರು ಬಲಿಯಾದರು. ಅದಾದ ಮೇಲೆ ಮೂರು ತಿಂಗಳು ರೈಲು ಓಡಲಿಲ್ಲ. ಆಗ ವೇಗ, ಬೆಲೆ ಅಂತ ಮಾತಾಡಲು ಯಾರಿಗೂ ಮನಸ್ಸಿರಲಿಲ್ಲ. 2025ರ ಮಾರ್ಚ್‌ನಲ್ಲಿ ನೌಕರರ ಮುಷ್ಕರದಿಂದ ಎರಡು ವಾರಕ್ಕೂ ಮಿಕ್ಕಿ ಬಸ್ಸು, ರೈಲು ಎರಡೂ ಬಂದ್. ಕಾರಿರುವವರಿಗೆ ಅದು ಸುದ್ದಿ ಮಾತ್ರ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುವವರಿಗೆ ಸಂಬಳದ ಪ್ರಶ್ನೆ. ಈ ರೈಲಿನ ನಿಜವಾದ ಬೆಲೆ ಅವರನ್ನು ಕೇಳಬೇಕು.

ಈ ರೈಲು ಲಾಯಕ್ಕಾಗಿ ಕೆಲಸಕ್ಕೆ ಬರುವುದು ಲೀವೈಸ್ ಸ್ಟೇಡಿಯಮ್ಮಿನಲ್ಲಿ ಪಂದ್ಯ ಇದ್ದಾಗ. ಗ್ರೇಟ್ ಅಮೆರಿಕಾ ಸ್ಟೇಷನ್ ಪಕ್ಕದಲ್ಲೇ ಇದೆ, ಪಾರ್ಕಿಂಗ್ ದರ ನೋಡಿದರೆ ಟಿಕೆಟ್ ಚಿಲ್ಲರೆ ಕಾಸು. ವಾಪಸ್ ಬರುವಾಗ ಉದ್ದ ಸಾಲು ಇರುತ್ತದೆ, ಅಷ್ಟೇ.

ಮುಂದೇನು ಅಂದರೆ, ಪೂರ್ವದಲ್ಲಿ ಆಲಮ್ ರಾಕ್‌ನಿಂದ ಈಸ್ಟ್‌ರಿಜ್‌ವರೆಗೆ 2.4 ಮೈಲಿ ಹೊಸ ಹಳಿಯ ಕೆಲಸ 2024ರಲ್ಲಿ ಶುರುವಾಗಿದೆ. ಇದನ್ನು ರಸ್ತೆ ಮೇಲೆ ಹಾಸುತ್ತಿಲ್ಲ, ಕಂಬಗಳ ಮೇಲೆ ಎತ್ತುತ್ತಿದ್ದಾರೆ. ಗ್ರ್ಯಾಂಡ್ ಜ್ಯೂರಿ ಕೈಬಿಡುವ ಯೋಚನೆ ಮಾಡಿ ಅಂದಿದ್ದು ಇದನ್ನೇ. ನನಗೆ ಮಾತ್ರ ಮೂವತ್ತೇಳು ವರ್ಷದ ಮೇಲಾದರೂ ಹೈವೇ ಬಿಟ್ಟು ಊರೊಳಗೆ ಸಿಗ್ನಲ್ಲಿಗೆ ನಿಲ್ಲದ ಹಳಿ ಹಾಕುತ್ತಿದ್ದಾರಲ್ಲ ಅನಿಸಿತು.

ಐದಕ್ಕೆ ಎಷ್ಟು ಅಂಕ ಅಂದರೆ: ಆರೆಂಜ್ ಲೈನಿನ ನನ್ನ ದಾರಿಗೆ ಮೂರೂವರೆ, ಡೌನ್‌ಟೌನ್ ದಾಟುವ ದಾರಿಗೆ ಎರಡು, ಊರಿಂದ ಬಂದ ಹಿರಿಯರಿಗೆ ಧಾರಾಳವಾಗಿ ನಾಲ್ಕೂವರೆ. ಮನೆ ನೋಡುವವರು ಸ್ಟೇಷನ್ ಹತ್ತಿರ ಇದೆ ಅನ್ನುವ ಜಾಹೀರಾತು ನೋಡಿ ಮುಂಗಡ ಕೊಡಬೇಡಿ. ಒಂದು ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಆ ಸ್ಟೇಷನ್ನಿನಿಂದ ಆಫೀಸಿನ ಬಾಗಿಲವರೆಗೆ ನೀವೇ ಹೋಗಿ ನೋಡಿ, ಪಾರ್ಕಿಂಗ್ ಮೈದಾನ ದಾಟುವುದನ್ನೂ ಸೇರಿಸಿ. ಲೈನ್ ಬದಲಿಸದೆ ಮುಕ್ಕಾಲು ಗಂಟೆಯೊಳಗೆ ಮುಟ್ಟಿದರೆ ಆ ಮನೆ ಹಿಡಿಯಿರಿ.