ಫ್ರೀಕ್ವೆನ್ಸಿ ಪಟ್ಟಿ ಒಳ್ಳೆಯದೇ, ಆದರೆ ನಡುವೆ ಘಟ್ಟ ಇರುವುದು ಅದಕ್ಕೆ ಗೊತ್ತಿಲ್ಲ

ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರನ್ನು ಧಾರವಾಡ ರೇಡಿಯೋ ಸ್ಟೇಷನ್ ತಿಂದಿತು, ಇನ್ನೊಂದನ್ನು ನನ್ನ ಸೋದರಳಿಯ ಕಿತ್ತುಕೊಂಡ.

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಮೊದಲು ರೇಡಿಯೋ, ಟಿವಿ ಬರುತ್ತಿದ್ದವು. ಈಗ ಬೋಟಿನವರು ಮಾತಾಡುವ ವಿಎಚ್‌ಎಫ್ ರೇಡಿಯೋ ಸೆಟ್ಟೇ ಜಾಸ್ತಿ. ಸೆಟ್ ಕೂರಿಸಿದ ಮೇಲೆ ಧ್ವನಿ ಸರಿ ಇದೆಯಾ ಎಂದು ನೋಡಲು ಲ್ಯಾಪ್‌ಟಾಪಿಗೆ ಒಂದು ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪನ್ನೇ ರೇಡಿಯೋ ಮಾಡುವ ಪುಟ್ಟ ಸಾಧನ) ಹಾಕಿಟ್ಟಿದ್ದೇನೆ. ಯಾವ ಫ್ರೀಕ್ವೆನ್ಸಿಯಲ್ಲಿ ಏನಿದೆ ಎಂದು ಹುಡುಕಲು ಈ ವೆಬ್‌ಸೈಟು. ಕೇಳುಗರೇ ತುಂಬುವ ಪಟ್ಟಿ, ನೋಡಲು ದುಡ್ಡಿಲ್ಲ. ಬೇಗ ತೆರೆದುಕೊಳ್ಳುತ್ತದೆ, ಜಾಹೀರಾತಿನ ಕಾಟ ಕಡಿಮೆ. ಅಷ್ಟಕ್ಕೆ ಮೂರು ಸ್ಟಾರ್ ಧಾರಾಳವಾಗಿ ಕೊಡಬಹುದು.

ಇನ್ನು ತಕರಾರು. ಎಲ್ಲವನ್ನೂ ಜಿಲ್ಲೆಯ ಲೆಕ್ಕದಲ್ಲಿ ಇಟ್ಟಿದ್ದಾರೆ. ಉತ್ತರ ಕನ್ನಡ ಎಂದು ಒತ್ತಿದರೆ ಕಾರವಾರ, ಶಿರಸಿ, ಭಟ್ಕಳ ಎಲ್ಲ ಒಂದೇ ಬುಟ್ಟಿಯಲ್ಲಿ. ರೇಡಿಯೋ ಅಲೆಗೆ ಜಿಲ್ಲಾಧಿಕಾರಿ ಕಚೇರಿ ಎಲ್ಲಿದೆ ಅಂತ ಗೊತ್ತಾ? ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ನನ್ನ ಆಂಟೆನಾ ನೆಲದಿಂದ 9 ಮೀಟರ್ ಎತ್ತರದಲ್ಲಿದೆ, ಬೋಟಿನದು 4 ಮೀಟರ್. ಲೆಕ್ಕ ಹಾಕಿದರೆ ಸುಮಾರು 20 ಕಿಲೋಮೀಟರ್. ಶಿರಸಿಗೆ ನಡುವೆ ಇಡೀ ಘಟ್ಟ ಅಡ್ಡ ನಿಂತಿದೆ. ನಮಗೆ ಗೋವಾದ ಎಫ್‌ಎಂ ಕೇಳುತ್ತದೆ, ಆದರೆ ಅದು ಬೇರೆ ರಾಜ್ಯದ ಪುಟದಲ್ಲಿದೆ. ಹಾಗಾಗಿ ಪ್ರತಿ ಸಾಲಿನ ಮುಂದೆ ಯಾವ ಊರಲ್ಲಿ ಕೇಳಿದ್ದು, ಯಾವ ತಿಂಗಳು, ಎಂಥ ಆಂಟೆನಾ ಎಂಬ ಮೂರು ಮಾತು ಇರಲಿ. ತಿಂಗಳು ಯಾಕೆ ಅಂದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗ ಯಾರೋ ಕೂತು ಕೇಳಿ, ಬೋಟಿನವರು ಮಾತಾಡುವ ಚಾನೆಲ್‌ಗೆ 'ಏನೂ ಇಲ್ಲ' ಎಂದು ಗುರುತು ಹಾಕಿದ್ದಾರೆ. ಆಗಸ್ಟಿನಲ್ಲಿ ಬಂದು ಕೇಳಿ ಮಾರಾಯ್ರೇ.

156.800 ಮೆಗಾಹರ್ಟ್ಸ್, ಅಂದರೆ ಬೋಟಿನ ಸೆಟ್ಟಿನ ಚಾನೆಲ್ 16, ಕಾರವಾರಕ್ಕೊಂದು, ಹೊನ್ನಾವರಕ್ಕೊಂದು, ಭಟ್ಕಳಕ್ಕೊಂದು ಎಂದು ಬೇರೆಬೇರೆ ಬರೆದಿದ್ದಾರೆ. ಅಪಾಯದ ಕರೆಗೂ ಮೊದಲ ಕರೆಗೂ ಜಗತ್ತಿನ ಎಲ್ಲ ಕಡಲಿನಲ್ಲೂ ಅದೊಂದೇ. ಕರೆದು ಸಿಕ್ಕ ಮೇಲೆ ಬೇರೆ ಚಾನೆಲ್‌ಗೆ ಹೋಗಿ ಮಾತಾಡುತ್ತಾರೆ. ಇಂಥದ್ದಕ್ಕೆ 'ಸಮುದ್ರ' ಎಂದು ಒಂದೇ ಪುಟ ಸಾಕು. ಹುಡುಕುವುದಂತೂ ಇನ್ನೊಂದು ಕಥೆ. ಹೊನ್ನಾವರಕ್ಕೆ ಇಂಗ್ಲಿಷಿನಲ್ಲಿ ಒಂದು ಎನ್ ಹಾಕಿದರೆ ಒಂದು ಪುಟ, ಎರಡು ಎನ್ ಹಾಕಿದರೆ ಇನ್ನೊಂದು. ಕನ್ನಡದಲ್ಲಿ ಬರೆದರೆ ಖಾಲಿ.

ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ನಮ್ಮ ಅಜ್ಜಿಗೂ ಮುಳ್ಳು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು. ಇಲ್ಲಿ ಅದು 765 ಮೆಗಾಹರ್ಟ್ಸ್ ಆಗಿದೆ! ಆ ಜಾಗ ಮೊಬೈಲ್‌ನವರದ್ದು. ತುಂಬುವಾಗಲೇ 'ಇದು ಕಿಲೋನಾ, ಮೆಗಾನಾ' ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಧ್ವನಿಯನ್ನು ಅಲೆಗೆ ಏರಿಸುವ ವಿಧಾನ ಎಎಂ, ಎಫ್‌ಎಂ ಎಂದು ಬರೆಯುವ ಕಾಲಂ ಕೂಡ ಅರ್ಧಕ್ಕರ್ಧ ಖಾಲಿ. ವಿಮಾನದವರು ಮಾತಾಡುವುದು ಎಎಂನಲ್ಲಿ. ಹೊಸಬರು ಎಫ್‌ಎಂ ಇಟ್ಟು ಕೇಳಿ, ಡಾಂಗಲ್ಲೇ ಕೆಟ್ಟಿದೆ ಎಂದು ನನ್ನ ಅಂಗಡಿಗೆ ತರುತ್ತಾರೆ.

'ನೌಕಾಪಡೆ ಇರಬಹುದು?' ಎಂದು ಪ್ರಶ್ನೆ ಚಿಹ್ನೆ ಹಾಕಿ ಕೆಲವು ಸಾಲು ಸೇರಿಸಿದ್ದಾರೆ. ಪಕ್ಕದಲ್ಲೇ ಕದಂಬ ನೌಕಾನೆಲೆ ಇರುವ ಊರು ಇದು. ಸುಮ್ನೆ ತೆಗೆದುಹಾಕಿ. ಊಹೆಯಾದರೆ ಕಸ, ನಿಜವಾದರೆ ಇನ್ನೂ ಕಷ್ಟ.

ಇನ್ನು ಅಳಿಯನ ವಿಷಯ. ಅವನು ಶಿರಸಿಯಲ್ಲಿ ಪಿಯುಸಿ ಓದುತ್ತಿದ್ದಾನೆ. ಈ ಪಟ್ಟಿ ನೋಡಿ, 137.100 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ 19 ಹವಾಮಾನ ಉಪಗ್ರಹದ ಚಿತ್ರ ಹಿಡಿಯಲು ಹೊರಟ. 53 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿ ತಂದು, ನಡುವೆ 120 ಡಿಗ್ರಿ ಕೋನ ಬರುವಂತೆ ಜೋಡಿಸಿ ಆಂಟೆನಾ ಮಾಡಿ, ಅಡಿಕೆ ಒಣಗಿಸುವ ಟೆರೇಸಿನ ಮೇಲೆ ಎರಡು ಸಂಜೆ ಕೂತಿದ್ದಾನೆ. 'ಮಾವಾ, ಬರೀ ಸುಯ್ ಅಂತಿದೆ' ಎಂದು ಫೋನ್. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ನೋವಾ 15, 18, 19 ಮೂರನ್ನೂ 2025ರಲ್ಲೇ ನಿಲ್ಲಿಸಿಬಿಟ್ಟಿದ್ದಾರೆ. ಪಟ್ಟಿಯಲ್ಲಿ ಮಾತ್ರ ಈಗಲೂ ಕೇಳುತ್ತದೆ ಎಂಬ ಹಸಿರು ಚುಕ್ಕೆ. ಕೊನೆಗೆ ಯಾವಾಗ ಕೇಳಿದ್ದು ಎಂಬ ದಿನಾಂಕ ಹಾಕಿ, ಆರು ತಿಂಗಳು ಯಾರೂ ಕೇಳದಿದ್ದರೆ ಆ ಚುಕ್ಕೆ ತಾನಾಗಿ ಹಳದಿಯಾಗಲಿ.

ಆಮೇಲೆ ಅದೇ ಕಡ್ಡಿಗಳಲ್ಲಿ 137.900ಕ್ಕೆ ಹೋಗಿ ರಷ್ಯಾದ ಮೀಟಿಯೋರ್ ಹವಾಮಾನ ಉಪಗ್ರಹ ಹಿಡಿದ. ಅದು ಡಿಜಿಟಲ್, ಸಾಫ್ಟ್‌ವೇರೇ ಬೇರೆ ಬೇಕು. ಪಟ್ಟಿಯಲ್ಲಿ ಅದನ್ನೂ ಹೇಳಿಲ್ಲ. ಮೊದಲ ಚಿತ್ರದಲ್ಲಿ ಶ್ರೀಲಂಕಾ ಮೇಲೆ, ಗುಜರಾತ್ ಕೆಳಗೆ. ಉಪಗ್ರಹ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಹಾಗೆ ತಲೆಕೆಳಗಾಗಿ ಬರುತ್ತದೆ, ಹೆದರಬೇಡ ಎಂದೆ. ಅವನು ಹೆದರಿರಲಿಲ್ಲ, ಆಗಲೇ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದ.